ಎದೆ ನಡುಗಿದರೆ ಈಮಾನ್ ನಡುಗಿತೇ?

ನಿಮ್ಮ ಮನೆಯಲ್ಲೂ ಇಂತಹ ಒಂದು ರಾತ್ರಿ ಬಂದು ಹೋಗಿರಬಹುದು. ಬಂದಿಲ್ಲವಾದರೆ ಒಂದು ಗಳಿಗೆ ಊಹಿಸಿಕೊಳ್ಳಿ. ನಿಮ್ಮ ಮನೆ ತೊಂಡೇಬಾವಿಯಲ್ಲಿದೆ ಎಂದಿಟ್ಟುಕೊಳ್ಳೋಣ. ಬೆಂಗಳೂರಿನಿಂದ ಹಿಂದೂಪುರದ ಕಡೆಗೆ ಹೋಗುವ ರೈಲು ದೊಡ್ಡಬಳ್ಳಾಪುರ ದಾಟಿ, ಮಾಕಳಿದುರ್ಗದ ಬೆಟ್ಟಗಳ ನಡುವೆ ನುಸುಳಿ ಬಂದು ನಿಲ್ಲುವ ಊರು ಅದು. ಗೌರಿಬಿದನೂರು ಇನ್ನೂ ಮುಂದಿದೆ. ರಾತ್ರಿ ಎರಡು ಗಂಟೆ. ಸಿಮೆಂಟ್ ಕಾರ್ಖಾನೆಯ ಕಡೆಗೆ ಹೋಗುವ ಲಾರಿಗಳ ಸದ್ದೂ ಅಡಗಿದೆ. ಒಳಕೋಣೆಯಲ್ಲಿ ಮಲಗಿದ್ದ ತಾಯಿ ಎದ್ದು ಕುಳಿತಿದ್ದಾರೆ. ಹಣೆಯಲ್ಲಿ ಬೆವರು. ಕೈ ನಡುಗುತ್ತಿದೆ. ಎದೆ ಡವಡವ ಹೊಡೆದುಕೊಳ್ಳುತ್ತಿದೆ. ಏನೋ ಆಗಲಿದೆ, ಏನೋ ದೊಡ್ಡ ಕೇಡು ಬರಲಿದೆ ಎಂಬ ಭಯ. ಏನೆಂದು ಕೇಳಿದರೆ ಹೇಳಲು ಅವರಿಗೆ ಬಾರದು. ಮಗನ ಕೈ ಬಿಡಿಸಿಕೊಳ್ಳುತ್ತಾರೆ. ಮೈಮುಟ್ಟಿ ನೋಡಲು ಬಂದ ಸೊಸೆಯನ್ನು ಗದರಿಸುತ್ತಾರೆ: "ನೀನು ಹತ್ತಿರ ಬರಬೇಡ, ನೀನೇ ನನ್ನನ್ನು ಸಾಯಿಸುವುದು!" ಹತ್ತು ವರ್ಷದಲ್ಲಿ ಒಮ್ಮೆಯೂ ಅಂತಹ ಮಾತಾಡಿದವರಲ್ಲ.

ಮನೆಮಂದಿ ಎದ್ದರು. ಒಬ್ಬರು ಇದು ನಜರ್ ಎಂದರು. ಸಂಜೆ ಮದುವೆಮನೆಗೆ ಹೋಗಿ ಬಂದಿದ್ದರಲ್ಲ, ಅಲ್ಲೇ ಯಾರದೋ ಕಣ್ಣು ಬಿದ್ದಿದೆ ಎಂದು ಅವರ ಲೆಕ್ಕ. ಪಕ್ಕದ ಮನೆಯಿಂದ ಬಂದ ಹಿರಿಯರು ಬೇಸರದಿಂದ ತಲೆಯಾಡಿಸಿದರು: "ಐದು ಹೊತ್ತು ನಮಾಝ್ ಮಾಡುವವರಿಗೆ ಇಷ್ಟು ಹೆದರಿಕೆಯೇ? ಅಲ್ಲಾಹನ ಮೇಲೆ ತವಕ್ಕುಲ್ ಇಟ್ಟವರು ಹೀಗೆ ನಡುಗುತ್ತಾರೆಯೇ?" ಮೂರನೆಯವರು ಸಿಟ್ಟಿನಿಂದ ಹೇಳಿದರು: "ಎಲ್ಲಾ ಆ ಇಂಜೆಕ್ಷನ್ ಮಾಡಿದ್ದು. ನಾಳೆಯಿಂದ ಅದು ಈ ಮನೆಗೆ ಬರಕೂಡದು."

ಆ ಕೋಣೆಯಲ್ಲಿ ನೀವೂ ಇದ್ದೀರಿ. ನೀವೇನು ಹೇಳುತ್ತೀರಿ?

ತಾಯಿ ಸಂಜೆ ಎಂದಿನಂತೆ ಇನ್ಸುಲಿನ್ ಚುಚ್ಚಿಸಿಕೊಂಡಿದ್ದರು. ಮದುವೆಮನೆಯ ಓಡಾಟದಲ್ಲಿ ಊಟ ಸೇರಲಿಲ್ಲ, ಎರಡು ತುತ್ತು ತಿಂದು ಕೈ ತೊಳೆದಿದ್ದರು. ಅಷ್ಟೇ ನಡೆದದ್ದು. ಇನ್ಸುಲಿನ್ ಎಂಬುದು 51 ಅಮೈನೋ ಆಮ್ಲಗಳನ್ನು ಎರಡು ಸರಗಳಾಗಿ ಪೋಣಿಸಿದಂತಿರುವ ಒಂದು ಪೆಪ್ಟೈಡ್ ಹಾರ್ಮೋನು. ರಕ್ತದಲ್ಲಿರುವ ಸಕ್ಕರೆ ಜೀವಕೋಶಗಳ ಒಳಹೋಗಲು ಬಾಗಿಲು ತೆರೆಯುವುದು ಅದರ ಕೆಲಸ. ಆರೋಗ್ಯವಂತರ ದೇಹದಲ್ಲಿ ಮೇದೋಜೀರಕ ಗ್ರಂಥಿಯು ಊಟವಾದಾಗ ಅದನ್ನು ಸುರಿಸುತ್ತದೆ, ಸಕ್ಕರೆ ಇಳಿದಾಗ ಕೈ ಬಿಗಿ ಹಿಡಿಯುತ್ತದೆ. ಸೂಜಿಯಿಂದ ಒಳಹೋದ ಇನ್ಸುಲಿನ್‌ಗೆ ಆ ವಿವೇಚನೆಯಿಲ್ಲ. ನೀವು ಉಂಡಿರೋ ಹಸಿದಿರೋ ಅದಕ್ಕೆ ತಿಳಿಯದು. ಅದು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಸಕ್ಕರೆ ತೀರ ಇಳಿಯಿತೆಂದರೆ ಮೆದುಳಿಗೆ ಆಹಾರವಿಲ್ಲ. ಆಗ ದೇಹವು ತನ್ನ ಕೊನೆಯ ಗಂಟೆ ಬಾರಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ. ದಾರಿಯಲ್ಲಿ ಹಾವು ಕಂಡಾಗ ನಿಮ್ಮ ರಕ್ತದಲ್ಲಿ ಹರಿಯುವುದೂ ಅದೇ. ಎದೆಬಡಿತ, ಬೆವರು, ನಡುಕ, ಭಯ ಎಲ್ಲವೂ ಒಟ್ಟಿಗೆ ಬರುತ್ತವೆ. ವ್ಯತ್ಯಾಸವಿಷ್ಟೇ: ಇಲ್ಲಿ ಹಾವು ಕಣ್ಣಿಗೆ ಕಾಣುವುದಿಲ್ಲ. ಕಾಣದ್ದರಿಂದ ಮನಸ್ಸು ಅದನ್ನು ಹುಡುಕಲು ಹೊರಡುತ್ತದೆ. ಹತ್ತಿರವಿದ್ದವರ ಮುಖದಲ್ಲೇ ಅದನ್ನು ಕಂಡುಬಿಡುತ್ತದೆ.

ಸೊಸೆ ಬುದ್ಧಿವಂತೆ. ಬೈಗುಳಕ್ಕೆ ಉತ್ತರ ಕೊಡಲಿಲ್ಲ. ಅಡುಗೆಮನೆಗೆ ಹೋಗಿ ಒಂದು ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಕಲಸಿ ತಂದು ಕುಡಿಸಿದಳು. ಕಾಲು ಗಂಟೆ ಕಳೆಯಿತು. ಬೆವರು ಆರಿತು, ಕೈ ನಿಂತಿತು. ತಾಯಿ ಸುತ್ತ ನೆರೆದವರನ್ನೆಲ್ಲ ನೋಡಿ, "ಯಾಕೆ, ಏನಾಯಿತು? ಎಲ್ಲರೂ ಯಾಕೆ ಎದ್ದಿದ್ದೀರಿ?" ಎಂದು ಕೇಳಿದರು.

ಈಗ ಆ ನೆರೆಯ ಹಿರಿಯರನ್ನು ಒಂದು ಮಾತು ಕೇಳಬೇಕೆನಿಸುತ್ತದೆ. ಆ ಭಯವು ಈಮಾನಿನ ಬಲಹೀನತೆಯಿಂದ ಬಂದದ್ದಾದರೆ, ಮೂರು ಚಮಚ ಸಕ್ಕರೆಯು ಈಮಾನನ್ನು ಬಲಪಡಿಸಿತೇ?

ಈ ಪ್ರಶ್ನೆಯನ್ನು ನಗೆಗಾಗಿ ಕೇಳುತ್ತಿಲ್ಲ. ನಮ್ಮ ಮನೆಗಳಲ್ಲಿ ಭಯಪಟ್ಟವರು ಎರಡು ಪಟ್ಟು ನೋವು ತಿನ್ನುತ್ತಾರೆ. ಭಯದ ನೋವು ಒಂದು, ಭಯಪಟ್ಟೆನೆಂಬ ನಾಚಿಕೆಯ ನೋವು ಇನ್ನೊಂದು. ಮಂಡಿನೋವು ಬಂದರೆ ಯಾರೂ ಅವರ ವಿಶ್ವಾಸವನ್ನು ತೂಗಿ ನೋಡುವುದಿಲ್ಲ. ಆತಂಕ ಬಂದರೆ ಮಾತ್ರ ತಕ್ಕಡಿ ಹಿಡಿದು ನಿಲ್ಲುತ್ತೇವೆ.

ಈ ಔಷಧಿಯ ಚರಿತ್ರೆಯನ್ನು ಸ್ವಲ್ಪ ನೋಡಿ. 1921ರಲ್ಲಿ ಕೆನಡಾದ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬವರು ಪ್ರಾಣಿಗಳ ಮೇದೋಜೀರಕ ಗ್ರಂಥಿಯಿಂದ ಇದನ್ನು ಬೇರ್ಪಡಿಸಿದರು. 1922ರ ಜನವರಿ 11ರಂದು ಲಿಯೊನಾರ್ಡ್ ಥಾಂಪ್ಸನ್ ಎಂಬ ಹುಡುಗನಿಗೆ ಅದರ ಮೊದಲ ಚುಚ್ಚುಮದ್ದು ಕೊಡಲಾಯಿತು. ಅದನ್ನು ಶುದ್ಧಗೊಳಿಸುವ ಕೆಲಸದಲ್ಲಿದ್ದ ಕಾಲಿಪ್ ಎಂಬ ವಿಜ್ಞಾನಿ ಮೊಲಗಳ ಮೇಲೆ ಪ್ರಯೋಗಿಸುತ್ತಿದ್ದರು. ಪ್ರಮಾಣ ಹೆಚ್ಚಾದಾಗ ಮೊಲಗಳು ಸೆಟೆದುಕೊಂಡು ಬೀಳುತ್ತಿದ್ದವು. ಗ್ಲೂಕೋಸ್ ಕೊಟ್ಟೊಡನೆ ಎದ್ದು ಕೂರುತ್ತಿದ್ದವು. ಅಂದರೆ ಈ ಮದ್ದಿನ ಗುಣ ತಿಳಿದ ದಿನಗಳಲ್ಲೇ ಅದರ ಅಪಾಯವೂ, ಅಪಾಯದ ಪರಿಹಾರವೂ ತಿಳಿದಿತ್ತು. ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರೆಂಬುದನ್ನು ಇಲ್ಲಿ ಹೇಳದೆ ಮುಂದೆ ಹೋಗಲು ಮನಸ್ಸು ಬಾರದು.

ಬಹುಕಾಲ ಇನ್ಸುಲಿನ್ ದನದ ಅಥವಾ ಹಂದಿಯ ಗ್ರಂಥಿಯಿಂದಲೇ ಬರುತ್ತಿತ್ತು. ಆದುದರಿಂದ ನಮ್ಮ ಹಿರಿಯರು ಸೂಜಿ ಕಂಡು ಹಿಂಜರಿದರೆ ಅದಕ್ಕೊಂದು ಕಾರಣವಿತ್ತು. 1982ರಲ್ಲಿ ಬ್ಯಾಕ್ಟೀರಿಯಾದ ಮೂಲಕ ತಯಾರಿಸಿದ, ಮನುಷ್ಯನ ಇನ್ಸುಲಿನ್‌ನಂತೆಯೇ ಇರುವ ಔಷಧಿ ಬಂತು. 2004ರಲ್ಲಿ ನಮ್ಮ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಯೀಸ್ಟ್‌ನಿಂದ ತಯಾರಿಸಿದ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. ಹಲಾಲ್-ಹರಾಮಿನ ಆ ಹಳೆಯ ಅಂಜಿಕೆಗೆ ಇಂತಹ ಇನ್ಸುಲಿನ್‌ನ ವಿಷಯದಲ್ಲಿ ಈಗ ಎಡೆಯಿಲ್ಲ. ಆದರೆ ರಾತ್ರಿ ಎರಡು ಗಂಟೆಯ ಅಂಜಿಕೆ ಉಳಿದುಕೊಂಡಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆ. ಅವರಲ್ಲಿ ಇನ್ಸುಲಿನ್ ಚುಚ್ಚಿಸಿಕೊಳ್ಳುವವರ ಮನೆಗಳಲ್ಲಿ ಇಂತಹ ರಾತ್ರಿಗಳು ಬರುತ್ತಲೇ ಇರುತ್ತವೆ.

"ಇದು ಸಕ್ಕರೆ ಇಳಿದದ್ದರ ಫಲ, ಭಯ ಬೇರೆಯೇ ವಸ್ತು" ಎಂದು ನೀವು ವಾದಿಸಬಹುದು. ಹಾಗಾದರೆ ಇನ್ನೊಂದು ಪೆಪ್ಟೈಡಿನ ಕಥೆ ಕೇಳಿ. ಕೊಲಿಸಿಸ್ಟೊಕೈನಿನ್ ಎಂಬ ಹಾರ್ಮೋನು ಕರುಳಲ್ಲೂ ಮೆದುಳಲ್ಲೂ ಇದೆ. ಅದರ ತುದಿಯ ನಾಲ್ಕೇ ನಾಲ್ಕು ಅಮೈನೋ ಆಮ್ಲಗಳ ಒಂದು ತುಣುಕನ್ನು 1980ರ ದಶಕದಲ್ಲಿ ಮಾಂಟ್ರಿಯಲ್‌ನ ಮನೋವೈದ್ಯ ಕ್ಲೋಡ್ ದ ಮೊಂತಿನ್ಯಿ ಎಂಬವರು ಆರೋಗ್ಯವಂತ ಸ್ವಯಂಸೇವಕರ ರಕ್ತನಾಳಕ್ಕೆ ಚುಚ್ಚಿ ನೋಡಿದರು. 1989ರಲ್ಲಿ ಅದರ ವರದಿ ಪ್ರಕಟವಾಯಿತು. ಅವರಲ್ಲಿ ಹಲವರಿಗೆ ಸ್ವಲ್ಪ ಹೊತ್ತಿನಲ್ಲೇ ಎದೆ ಒಡೆಯುವಂತಹ ಭೀತಿ ಉಂಟಾಯಿತು. ಕೆಲವೇ ನಿಮಿಷಗಳಲ್ಲಿ ಅದು ಇಳಿದೂ ಹೋಯಿತು. ಅವರಿಗೆ ಕಾಯಿಲೆಯಿರಲಿಲ್ಲ, ಕೋಣೆಯಲ್ಲಿ ಹೆದರಿಕೆಯ ವಸ್ತುವಿರಲಿಲ್ಲ. ನಾಲ್ಕು ಮಣಿಗಳ ಒಂದು ಪುಟ್ಟ ಸರ ಒಳಹೋಯಿತು, ಅಷ್ಟೇ. ಇದನ್ನು ಓದಿದಾಗ ನನಗೆ ಮೊದಲು ಕಸಿವಿಸಿಯಾಯಿತು. ಭಯವೆಂಬುದು ಇಷ್ಟೇ ಆದರೆ, ಅಲ್ಲಾಹನ ಭಯ ಎಂದು ನಾವು ಹೇಳುವುದೇನು? ಅದೂ ರಕ್ತದ ಒಂದು ಆಟವೇ?

ಈ ಕಸಿವಿಸಿಗೆ ಉತ್ತರ ನನಗೆ ಸಿಕ್ಕಿದ್ದು ನಾವೆಲ್ಲ ಬಾಲ್ಯದಿಂದ ಕೇಳುತ್ತ ಬಂದ ಪ್ರಸಂಗಗಳಲ್ಲೇ. ಪ್ರವಾದಿ ಮೂಸಾ(ಅ)ರ ಕೈಯ ಕೋಲು ಹಾವಾದಾಗ ಅವರು ಹಿಂತಿರುಗಿ ನೋಡದೆ ಓಡಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಮುಂದೆ ಮಾಂತ್ರಿಕರ ಹಗ್ಗಗಳು ಹರಿದಾಡಿದಂತೆ ಕಂಡಾಗಲೂ ಅವರು ಮನಸ್ಸಿನೊಳಗೆ ಅಂಜಿದರು. ಅಲ್ಲಾಹನೊಂದಿಗೆ ಮಾತಾಡಿದ ಪ್ರವಾದಿ ಅವರು! ಅವರನ್ನು ನೈಲ್ ನದಿಗೆ ಬಿಟ್ಟ ತಾಯಿಯ ಹೃದಯ ಬರಿದಾಗಿ ಹೋಯಿತೆಂದೂ, ಅಲ್ಲಾಹನು ಅದನ್ನು ಬಿಗಿಯದಿದ್ದರೆ ಗುಟ್ಟು ಹೊರಬೀಳುತ್ತಿತ್ತೆಂದೂ ಕುರ್‌ಆನ್ ಹೇಳುತ್ತದೆ. ಮಗು ಸುರಕ್ಷಿತವಾಗಿ ಮರಳುವುದೆಂಬ ವಾಗ್ದಾನ ಆ ತಾಯಿಗೆ ಮೊದಲೇ ಸಿಕ್ಕಿತ್ತು. ವಾಗ್ದಾನವಿದ್ದೂ ಎದೆ ಬರಿದಾಯಿತು. ಎಲ್ಲಿಯೂ ಅವರನ್ನು ಅವಿಶ್ವಾಸಿ ಎಂದು ದೂರಿಲ್ಲ.

ಅಂದರೆ ಎದೆಯ ನಡುಕವು ಒಂದು, ಎದೆ ನಡುಗುವಾಗ ಮನುಷ್ಯ ಯಾರ ಕಡೆಗೆ ತಿರುಗುತ್ತಾನೆ ಎಂಬುದು ಇನ್ನೊಂದು. ಮೊದಲನೆಯದು ದೇಹಕ್ಕೆ ಬಂದು ಒದಗುವಂಥದ್ದು, ಹಸಿವಿನಂತೆ, ನಿದ್ದೆಯಂತೆ. ಎರಡನೆಯದನ್ನೇ ತಖ್ವಾ ಎನ್ನುವುದು, ಅದು ಆಯ್ಕೆ. ನಾಲ್ಕು ಮಣಿಗಳ ಸರ ಮೊದಲನೆಯದನ್ನು ಉಂಟುಮಾಡಬಲ್ಲದು. ಎರಡನೆಯದನ್ನು ಅದು ಕೊಡಲೂ ಆರದು, ಕಸಿಯಲೂ ಆರದು. ಪ್ರವಾದಿವರ್ಯರು(ಸ) ಚಿಂತೆ ಮತ್ತು ದುಃಖಗಳಿಂದ ಅಲ್ಲಾಹನ ಅಭಯ ಬೇಡುತ್ತಿದ್ದರೆಂದು ಹದೀಸ್‌ಗಳಲ್ಲಿದೆ. ಸಾಲದ ಹೊರೆಯನ್ನೂ ಅದೇ ಪ್ರಾರ್ಥನೆಯಲ್ಲಿ ಸೇರಿಸಿದ್ದಾರೆ. ಸಾಲಗಾರನಾಗುವುದು ಹೇಗೆ ತನ್ನಿಂದ ತಾನೇ ಪಾಪವಲ್ಲವೋ ಚಿಂತೆಗೊಳಗಾಗುವುದೂ ಹಾಗೆಯೇ ಅಲ್ಲವೇ?

ಹಿರಾ ಗುಹೆಯಿಂದ ಇಳಿದುಬಂದ ಆ ದಿನವನ್ನು ನೆನೆಯಿರಿ. ಪ್ರವಾದಿವರ್ಯರು(ಸ) ನಡುಗುತ್ತ ಮನೆಗೆ ಬಂದು ತನಗೆ ಹೊದಿಸುವಂತೆ ಹೇಳಿದರು, ತನ್ನ ಜೀವದ ಬಗ್ಗೆಯೇ ಅಂಜಿಕೆಯಾಗಿದೆ ಎಂದರು. ಹ. ಖದೀಜಾ(ರ) ಮೊದಲು ಮಾಡಿದ್ದು ಹೊದಿಸಿದ್ದು. ನಡುಕ ನಿಲ್ಲುವ ತನಕ ಕಾದರು. ಆಮೇಲೆ ಮಾತಾಡಿದರು. ಅದೂ ಹೇಗೆ? ನೀವು ಬಂಧುಗಳನ್ನು ಕೂಡಿಸಿಕೊಳ್ಳುವವರು, ಬಡವರ ಭಾರ ಹೊರುವವರು, ಅತಿಥಿಯನ್ನು ಸತ್ಕರಿಸುವವರು, ನಿಮ್ಮನ್ನು ಅಲ್ಲಾಹನು ಕೈಬಿಡಲಾರ ಎಂಬರ್ಥದಲ್ಲಿ, ಅವರ ಬದುಕನ್ನೇ ಅವರ ಮುಂದಿಟ್ಟು ಧೈರ್ಯ ಹೇಳಿದರು. ಆಮೇಲೆ ಕೈ ಹಿಡಿದು ತಿಳಿದವರಾದ ವರಕರ ಬಳಿಗೆ ಕರೆದೊಯ್ದರು. ಹೊದಿಕೆ, ಸಾಂತ್ವನ, ತಿಳಿದವರಲ್ಲಿ ವಿಚಾರಣೆ. ನಮ್ಮ ಹಿರಿಯರು ಆ ರಾತ್ರಿ ಬೋಧನೆಯಿಂದ ಆರಂಭಿಸಿದರು. ಸೊಸೆ ಆರಂಭಿಸಿದ್ದು ಸಕ್ಕರೆ ನೀರಿನಿಂದ. ಖದೀಜಾ(ರ)ರ ಹಾದಿಯಲ್ಲಿ ನಡೆದವರು ಯಾರೆಂದು ನೀವೇ ಹೇಳಿ.

ತವಕ್ಕುಲ್‌ನ ಹೆಸರಿನಲ್ಲಿ ಮದ್ದನ್ನೂ ಪರೀಕ್ಷೆಯನ್ನೂ ಅಲ್ಲಗಳೆಯುವವರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಶಾಮ್ ದೇಶದಲ್ಲಿ ಪ್ಲೇಗ್ ಹಬ್ಬಿದಾಗ ಹ. ಉಮರ್(ರ) ದಾರಿಯಿಂದಲೇ ಮರಳಲು ನಿಶ್ಚಯಿಸಿದರು. ಅಲ್ಲಾಹನ ವಿಧಿಯಿಂದ ಓಡುತ್ತಿದ್ದೀರಾ ಎಂದು ಹ. ಅಬೂ ಉಬೈದಾ(ರ) ಕೇಳಿದಾಗ, ಹೌದು, ಅಲ್ಲಾಹನ ಒಂದು ವಿಧಿಯಿಂದ ಅವನ ಇನ್ನೊಂದು ವಿಧಿಯೆಡೆಗೆ ಎಂದು ಉತ್ತರಿಸಿದರು. ಸೂಜಿಯೂ ವಿಧಿ, ಸಕ್ಕರೆ ನೀರೂ ವಿಧಿ. ಆದರೆ ಇನ್ನೊಂದು ಘಟನೆಯನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಪ್ರಯಾಣದಲ್ಲಿದ್ದ ಒಬ್ಬರ ತಲೆಗೆ ಕಲ್ಲು ಬಿದ್ದು ಗಾಯವಾಯಿತು. ಸ್ನಾನ ಕಡ್ಡಾಯವಾಗಿತ್ತು. ತಯಮ್ಮುಮ್ ಮಾಡಲು ನನಗೆ ರಿಯಾಯಿತಿ ಇದೆಯೇ ಎಂದು ಅವರು ಸಂಗಡಿಗರನ್ನು ಕೇಳಿದರು. ನೀರಿದೆ, ರಿಯಾಯಿತಿಯಿಲ್ಲ ಎಂದರು ಸಂಗಡಿಗರು. ಅವರು ಸ್ನಾನ ಮಾಡಿದರು, ತೀರಿಕೊಂಡರು. ಸುದ್ದಿ ಕೇಳಿದ ಪ್ರವಾದಿವರ್ಯರು(ಸ) ಆ ಸಂಗಡಿಗರೇ ಅವರನ್ನು ಕೊಂದರೆಂದು ಕಟುವಾಗಿ ನುಡಿದರು. ಗೊತ್ತಿಲ್ಲದಿದ್ದರೆ ಕೇಳಬೇಕಿತ್ತು, ಅಜ್ಞಾನಕ್ಕೆ ಕೇಳುವುದೇ ಮದ್ದು ಎಂದರು. ಗಮನಿಸಿ, ಆ ಸಂಗಡಿಗರು ಕೆಟ್ಟವರಾಗಿರಲಿಲ್ಲ. ಧರ್ಮದ ಮೇಲಿನ ಕಾಳಜಿಯಿಂದಲೇ ಮಾತಾಡಿದ್ದರು. ತಾಯಿಯ ಮಂಚದ ಬಳಿ ನಿಂತು ತಲೆಯಾಡಿಸಿದ ಹಿರಿಯರೂ ಕೆಟ್ಟವರಲ್ಲ.

ಮೂರನೆಯವರ ಮಾತು ಇನ್ನೂ ಬಾಕಿಯಿದೆ. ಎಲ್ಲವನ್ನೂ ಇಂಜೆಕ್ಷನ್ ಮಾಡಿತು ಎಂದವರು. ಅರ್ಧ ಸತ್ಯ ಅವರ ಬಳಿಯಿದೆ, ಆದುದರಿಂದಲೇ ಅವರ ಮಾತು ಹೆಚ್ಚು ಅಪಾಯಕಾರಿ. ಇನ್ಸುಲಿನ್ ನಿಲ್ಲಿಸಿದರೆ ಆತಂಕ ಬಾರದಿರಬಹುದು. ಆದರೆ ಏರಿದ ಸಕ್ಕರೆ ಸದ್ದಿಲ್ಲದೆ ಕಣ್ಣು, ಮೂತ್ರಪಿಂಡ, ಕಾಲಿನ ನರಗಳನ್ನು ತಿನ್ನುತ್ತದೆ. ಇನ್ಸುಲಿನ್ ಬಿಟ್ಟರೆ ಬದುಕಲಾರದ ರೋಗಿಗಳೂ ಇದ್ದಾರೆ. ಒಮ್ಮೆ ಇಂತಹ ರಾತ್ರಿಯನ್ನು ಕಂಡವರು ಹೆದರಿ, ಯಾರಿಗೂ ಹೇಳದೆ ಚುಚ್ಚುಮದ್ದಿನ ಪ್ರಮಾಣವನ್ನು ಕಡಿಮೆ ಮಾಡಿಕೊಳ್ಳುವುದುಂಟು. ಭಯಕ್ಕೆ ಭಯಪಡುವುದು ಎಂದರೆ ಇದೇ. ನಿಜ ಹೇಳಬೇಕೆಂದರೆ ಆ ನಡುಕವು ಔಷಧಿಯ ವಿಷವಲ್ಲ. ಸಕ್ಕರೆ ಇಳಿಯುತ್ತಿದೆ, ಏಳು ಎಂದು ಎಬ್ಬಿಸುವ ಕಾವಲುಗಾರ ಅದು. ಬಹಳ ವರ್ಷಗಳಿಂದ ಕಾಯಿಲೆಯಿರುವ ಕೆಲವರಲ್ಲಿ ಈ ಕಾವಲುಗಾರ ನಿದ್ದೆ ಹೋಗುತ್ತಾನೆ. ನಡುಕವಿಲ್ಲ, ಭಯವಿಲ್ಲ, ನೇರವಾಗಿ ಪ್ರಜ್ಞೆಯೇ ತಪ್ಪುತ್ತದೆ. ರಕ್ತದೊತ್ತಡಕ್ಕೋ ಎದೆಬಡಿತಕ್ಕೋ ಕೊಡುವ ಪ್ರೊಪ್ರನಾಲೋಲ್‌ನಂತಹ ಮಾತ್ರೆಗಳು ಕೂಡ ನಡುಕವನ್ನೂ ಎದೆಬಡಿತವನ್ನೂ ಮರೆಮಾಚುತ್ತವೆ. ಬೆವರು ಮಾತ್ರ ಉಳಿಯುತ್ತದೆ. ಹೀಗೆ ನೋಡಿದರೆ ಆ ರಾತ್ರಿಯ ಭಯವೇ ತಾಯಿಯನ್ನು ಉಳಿಸಿತು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ನೀರನ್ನಾಗಲಿ ಜೇನನ್ನಾಗಲಿ ಹಾಕಬೇಡಿ, ಶ್ವಾಸನಾಳಕ್ಕೆ ಇಳಿದೀತು. 108ಕ್ಕೆ ಕರೆ ಮಾಡಿ.

ಇಲ್ಲಿ ಇನ್ನೊಂದು ಕಡೆಯಿಂದಲೂ ಎಚ್ಚರ ಬೇಕು. ಇದನ್ನು ಬರೆಯುವುದು ಕಷ್ಟ, ಆದರೂ ಬರೆಯಲೇಬೇಕು. ಎಲ್ಲ ಭಯವೂ ರಕ್ತದ್ದೇ ಎಂದುಬಿಟ್ಟರೆ ಮನಸ್ಸಾಕ್ಷಿಗೆ ಜಾಗವೆಲ್ಲಿ? ಕೂಲಿಯವರ ಮೂರು ತಿಂಗಳ ಕೂಲಿ ಹಿಡಿದಿಟ್ಟುಕೊಂಡ ಒಬ್ಬರಿದ್ದಾರೆ ಎನ್ನಿ. ತಂಗಿಯರ ಪಾಲಿನ ಜಮೀನನ್ನು ತನ್ನ ಹೆಸರಿಗೆ ಮಾಡಿಕೊಂಡವರು. ರಾತ್ರಿ ಅವರಿಗೆ ನಿದ್ದೆ ಬಾರದು. ಎದೆ ಅಳುಕುತ್ತದೆ. "ಶುಗರ್ ಇಂಜೆಕ್ಷನ್ ಶುರುವಾದಾಗಿನಿಂದ ಹೀಗೆ" ಎಂದು ಅವರು ಹೇಳುತ್ತಾರೆ. ಹೌದೇನೋ. ಅಲ್ಲವೇನೋ. ಆ ಅಳುಕು ಅಲ್ಲಾಹನು ಕಳುಹಿಸಿದ ಕರೆಯಾಗಿದ್ದರೆ? ಅದಕ್ಕೆ ಸೈಡ್ ಎಫೆಕ್ಟ್ ಎಂದು ಹೆಸರಿಟ್ಟು ಬಾಗಿಲು ಹಾಕಿಕೊಂಡರೆ ನಷ್ಟ ಯಾರಿಗೆ?

ಎರಡನ್ನೂ ಬೇರೆ ಮಾಡುವುದು ಹೇಗೆ? ನಮ್ಮ ಪೂರ್ವಿಕರಿಗೆ ಇದು ಹೊಸ ಪ್ರಶ್ನೆಯಲ್ಲ. ಕ್ರಿ.ಶ. 934ರಲ್ಲಿ ತೀರಿಕೊಂಡ ಅಬೂ ಝೈದ್ ಅಲ್ ಬಲ್ಖಿ ಎಂಬ ವಿದ್ವಾಂಸರು ದೇಹ ಮತ್ತು ಮನಸ್ಸುಗಳ ಆರೋಗ್ಯದ ಬಗ್ಗೆ ಒಂದೇ ಗ್ರಂಥದಲ್ಲಿ ಬರೆದರು. ಕಾರಣ ಗೊತ್ತಿರುವ ದುಃಖ ಒಂದು, ಕಾರಣವೇ ಕಾಣದೆ ದೇಹದ ಒಳಗಿನ ಏರುಪೇರಿನಿಂದ ಹುಟ್ಟುವ ದುಃಖ ಇನ್ನೊಂದು ಎಂದು ಅವರು ವಿಂಗಡಿಸಿದರು. ಮೊದಲನೆಯದಕ್ಕೆ ಮಾತು ಮತ್ತು ಆಲೋಚನೆ, ಎರಡನೆಯದಕ್ಕೆ ದೇಹದ ಚಿಕಿತ್ಸೆ. ಕಷ್ಟ ಬಂದ ಮೇಲೆ ಧೈರ್ಯವನ್ನು ಹುಡುಕಹೋಗದೆ, ನೆಮ್ಮದಿಯ ದಿನಗಳಲ್ಲೇ ಒಳ್ಳೆಯ ಆಲೋಚನೆಗಳನ್ನು ಮನೆಯ ಮದ್ದಿನಂತೆ ಕೂಡಿಟ್ಟುಕೊಳ್ಳಬೇಕೆಂದೂ ಅವರು ಸಲಹೆ ಮಾಡಿದ್ದಾರೆ. ಇಮಾಮ್ ಗಝ್ಝಾಲಿಯವರ ವಿಷಯ ಇದಕ್ಕೆ ತಿರುಗುಮುರುಗು. 1095ರಲ್ಲಿ ಬಗ್ದಾದಿನಲ್ಲಿ ಪಾಠ ಹೇಳಲು ನಿಂತರೆ ಅವರ ನಾಲಿಗೆ ಏಳಲಿಲ್ಲ, ಗಂಟಲಲ್ಲಿ ಅನ್ನವಿಳಿಯಲಿಲ್ಲ. ಇದು ಹೃದಯದಿಂದ ದೇಹಕ್ಕಿಳಿದ ಬೇನೆ, ನಮ್ಮ ಮದ್ದು ಇದಕ್ಕೆ ನಾಟದು ಎಂದು ವೈದ್ಯರು ಕೈಚೆಲ್ಲಿದರು. ಅವರು ಹುದ್ದೆಯನ್ನೂ ಕೀರ್ತಿಯನ್ನೂ ಬಿಟ್ಟು ಬಗ್ದಾದಿನಿಂದ ಹೊರಟುಹೋದರು. ಆ ವೈದ್ಯರ ಪ್ರಾಮಾಣಿಕತೆ ನನಗೆ ಇಷ್ಟವಾಗುತ್ತದೆ. ಅವರು ಮೊದಲು ನಾಡಿ ನೋಡಿದರು, ಆಮೇಲೆ ಇದು ನಮ್ಮದಲ್ಲ ಎಂದರು.

ಆ ಕ್ರಮವೇ ಸರಿಯೆಂದು ನನ್ನ ಅಭಿಪ್ರಾಯ. ಮೊದಲು ದೇಹ. ನಡುಕ ಬಂದಾಗ ಬೆರಳು ಚುಚ್ಚಿ ಗ್ಲುಕೋಮೀಟರಿನಲ್ಲಿ ನೋಡಿ. 70ಕ್ಕಿಂತ ಕೆಳಗಿದ್ದರೆ ಸಕ್ಕರೆ ಕೊಡಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಯಂತ್ರವಿಲ್ಲದಿದ್ದರೆ ಮೊದಲು ಸಕ್ಕರೆಯನ್ನಾದರೂ ಕೊಡಿ. ನಡುಗುವವರ ಬಳಿ ಆತ್ಮವಿಮರ್ಶೆ ಕೇಳುವುದು ಅನ್ಯಾಯ. ಸಕ್ಕರೆ ಸರಿಯಾದ ಮೇಲೂ, ದಿನ ಕಳೆದ ಮೇಲೂ ಉಳಿದ ಭಯವಿದೆಯಲ್ಲ, ಅದನ್ನು ವೈದ್ಯರಿಗೆ ಹೇಳಿ. ಆತಂಕದ ಕಾಯಿಲೆಯೆಂಬುದು ಬೇರೆಯೇ ಇದೆ, ಅದಕ್ಕೂ ಚಿಕಿತ್ಸೆಯಿದೆ. ಕೂಲಿ ಬಾಕಿಯಿಟ್ಟವರು ಮಾತ್ರ ಯಾವ ಯಂತ್ರಕ್ಕೂ ಕಾಯಬೇಕಾಗಿಲ್ಲ. ಅಳುಕು ರಕ್ತದ್ದಾಗಲಿ ಮನಸ್ಸಿನದ್ದಾಗಲಿ, ಕೂಲಿಯನ್ನಂತೂ ಕೊಡಲೇಬೇಕು.

ಈಗ ತೂಕ ಇಳಿಸಲು, ಸಕ್ಕರೆ ಹತೋಟಿಗೆ ತರಲು ಹೊಸ ಪೆಪ್ಟೈಡ್ ಮದ್ದುಗಳು ಬಂದಿವೆ. ಸೆಮಾಗ್ಲುಟೈಡ್ ಮಾತ್ರೆ 2022ರಲ್ಲಿ, ಟಿರ್ಜೆಪಟೈಡ್ ಚುಚ್ಚುಮದ್ದು 2025ರಲ್ಲಿ ನಮ್ಮ ದೇಶಕ್ಕೆ ಬಂದವು. ಸೆಮಾಗ್ಲುಟೈಡ್‌ನಂತಹ ಮದ್ದುಗಳನ್ನು ತೆಗೆದುಕೊಂಡ ಕೆಲವರಲ್ಲಿ ಪ್ರಾಣ ಕಳೆದುಕೊಳ್ಳುವ ಆಲೋಚನೆಗಳು ಬಂದವೆಂದು 2023ರಲ್ಲಿ ಐಸ್‌ಲ್ಯಾಂಡ್ ದೇಶದಿಂದ ದೂರುಗಳು ಬಂದವು. ಯುರೋಪಿನ ಔಷಧ ನಿಯಂತ್ರಣ ಸಂಸ್ಥೆ ಅವನ್ನು ತಳ್ಳಿಹಾಕಲಿಲ್ಲ, ಕೂಡಲೇ ನಂಬಲೂ ಇಲ್ಲ. ತಿಂಗಳುಗಟ್ಟಲೆ ಪರಿಶೀಲಿಸಿ, ಮದ್ದೇ ಅದಕ್ಕೆ ಕಾರಣವೆನ್ನಲು ಆಧಾರ ಸಿಗಲಿಲ್ಲವೆಂದು 2024ರ ಏಪ್ರಿಲ್‌ನಲ್ಲಿ ತಿಳಿಸಿತು. ಸುದ್ದಿ ಬಂದಾಗ ಪರಿಶೀಲಿಸಿ, ಇಲ್ಲವಾದರೆ ಅರಿಯದೆ ಯಾರಿಗಾದರೂ ಹಾನಿ ಮಾಡಿಬಿಟ್ಟೀರಿ ಎಂಬ ಕುರ್‌ಆನಿನ ಎಚ್ಚರಿಕೆ ನಮಗೆ ಚಿರಪರಿಚಿತ. ಆದರೆ ಮೊಬೈಲಿಗೆ ಬಂದ ಒಂದು ಸಂದೇಶ ನೋಡಿ ಅಮ್ಮನ ಇಂಜೆಕ್ಷನ್ ಎಸೆಯುವವರು ನಾವೇ. ಗರಡಿಮನೆಗಳಲ್ಲಿ, ಜಿಮ್‌ಗಳಲ್ಲಿ ಹುಡುಗರ ಕೈಗೆ ಸಿಗುವ ಹೆಸರಿಲ್ಲದ ಪೆಪ್ಟೈಡ್ ಶೀಶೆಗಳದ್ದು ಬೇರೆ ಮಾತು. ಸಂಶೋಧನೆಗೆ ಮಾತ್ರ ಎಂದು ಬರೆದದ್ದನ್ನು ಮೈಗೆ ಚುಚ್ಚಿಕೊಂಡು ಎದೆ ಅಳುಕಿದರೆ ಉತ್ತರ ಕೊಡುವವರು ಯಾರೂ ಇಲ್ಲ. ದೇಹವು ನಮ್ಮ ಕೈಗೊಪ್ಪಿಸಿದ ಅಮಾನತ್ತು ಎಂದು ಮಗನಿಗೆ ಒಮ್ಮೆ ಕೂರಿಸಿಕೊಂಡು ಹೇಳಿ.

ರಮಝಾನಿನಲ್ಲಿ ಈ ವಿಷಯ ಹೆಚ್ಚು ತೀಕ್ಷ್ಣವಾಗುತ್ತದೆ. ಇನ್ಸುಲಿನ್ ತೆಗೆದುಕೊಳ್ಳುವ ಎಷ್ಟೋ ತಾಯಂದಿರು ಹಟ ಹಿಡಿದು ವ್ರತ ಹಿಡಿಯುತ್ತಾರೆ. ಅಸರ್ ಕಳೆದ ಮೇಲೆ ನಡುಕ ಶುರುವಾಗುತ್ತದೆ. ಇನ್ನರ್ಧ ಗಂಟೆ ತಾನೇ, ತಡೆದುಕೊಳ್ಳುತ್ತೇನೆ ಎನ್ನುತ್ತಾರೆ. ಸಕ್ಕರೆ 70ಕ್ಕಿಂತ ಇಳಿದರೆ ಮಗ್ರಿಬ್‌ಗೆ ಹತ್ತೇ ನಿಮಿಷವಿದ್ದರೂ ವ್ರತ ಮುರಿಯಬೇಕೆಂದು ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟದ ಮಾರ್ಗಸೂಚಿಗಳಲ್ಲಿದೆ. ರೋಗಿಗೆ ಬೇರೆ ದಿನಗಳಲ್ಲಿ ಪೂರ್ತಿ ಮಾಡುವ ಅವಕಾಶವನ್ನು ವ್ರತವನ್ನು ಕಡ್ಡಾಯಗೊಳಿಸಿದ ಕುರ್‌ಆನೇ ಅದರ ಜೊತೆಜೊತೆಗೆ ನೀಡಿದೆ. ಬಡವರಿಗೆ ಉಣಬಡಿಸುವ ಪರಿಹಾರದ ದಾರಿಯೂ ಇದೆ. ಕೊಟ್ಟವನ ರಿಯಾಯಿತಿಯನ್ನು ಹಿಂದಕ್ಕೆ ತಳ್ಳುವುದು ಭಕ್ತಿಯೇ? ಶಅಬಾನ್ ತಿಂಗಳಲ್ಲೇ ವೈದ್ಯರ ಬಳಿಗೂ, ಬಲ್ಲ ಆಲಿಮರ ಬಳಿಗೂ ಹೋಗಿ ಕೇಳಿಕೊಂಡು ಬನ್ನಿ. ತೊಂಡೇಬಾವಿಯಿಂದ ಗೌರಿಬಿದನೂರೇನೂ ದೂರವಲ್ಲ.

ಇನ್ನು ಆ ಸೊಸೆಯ ವಿಷಯ. "ನೀನೇ ನನ್ನನ್ನು ಸಾಯಿಸುವುದು" ಎಂಬ ಮಾತು ಅವಳ ಕಿವಿಗೆ ಬಿದ್ದಾಗಿದೆ. ಮೆದುಳಿಗೆ ಸಕ್ಕರೆ ಸಾಲದಾದಾಗ ಆಡಿದ ಮಾತು ಅದು, ನಿಜ. ಆದರೆ ಕಿವಿಗೆ ಅದೆಲ್ಲ ತಿಳಿಯುವುದಿಲ್ಲ. ಎಚ್ಚರ ಬರುವ ತನಕ ನಿದ್ರಿಸುವವನ ಮೇಲೂ, ಬುದ್ಧಿ ಮರಳುವ ತನಕ ಬುದ್ಧಿ ಕಳೆದುಕೊಂಡವನ ಮೇಲೂ ಬರೆಯುವ ಲೇಖನಿ ಎತ್ತಲ್ಪಟ್ಟಿದೆ ಎಂದು ಪ್ರವಾದಿವರ್ಯರು(ಸ) ತಿಳಿಸಿದ್ದಾರೆ. ಅಂತಹ ಹೊತ್ತಿನಲ್ಲಿ ಗಂಡನ ಬಾಯಿಂದ ಇನ್ನೂ ಗಂಭೀರವಾದ ಮಾತೇ ಬಿದ್ದಿದ್ದರೆ ಅದರ ತೀರ್ಪನ್ನು ಅಕ್ಕಪಕ್ಕದವರು ಕೊಡಬಾರದು. ವೈದ್ಯರ ಮಾತನ್ನೂ ಕೇಳಿಸಿಕೊಂಡು ಆಲಿಮರು ಕೊಡಬೇಕು. ದೇವಚರರು ಬರೆದಿಡದ ಮಾತನ್ನು ನಾವು ಮನಸ್ಸಿನಲ್ಲಿ ಬರೆದಿಟ್ಟುಕೊಂಡು, ಮುಂದಿನ ಹಬ್ಬದ ಜಗಳಕ್ಕೆ ತೆಗೆಯಬೇಕೆ ಎಂಬುದನ್ನು ಮಾತ್ರ ನೀವೇ ತೀರ್ಮಾನಿಸಬೇಕು.

ಬೆಳಗಾಯಿತು. ಫಜ್ರ್ ನಮಾಝ್ ಮುಗಿಸಿ ತಾಯಿ ಮುಸಲ್ಲಾದ ಮೇಲೆ ಕುಳಿತೇ ಇದ್ದಾರೆ. ಸೊಸೆ ಚಹಾ ತಂದಿಟ್ಟಳು.

"ರಾತ್ರಿ ನಾನೇನಾದರೂ ಅಂದೆನಾ, ಬೇಟಿ?"

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಏನೂ ಇಲ್ಲ ಎಂದರೆ ಸುಳ್ಳಾಗುತ್ತದೆ.

"ಹೆದರಿದ್ದಿರಿ ಅಮ್ಮಿ. ಶುಗರ್ ಇಳಿದಿತ್ತು. ಊಟ ಮಾಡಿರಲಿಲ್ಲವಲ್ಲ."

"ಹೆದರಿದ್ದೆ" ಎಂದರು ತಾಯಿ, ಒಪ್ಪಿಕೊಳ್ಳುವವರಂತೆ. ಆಮೇಲೆ ಕೇಳಿದರು: "ಆ ಸಕ್ಕರೆ ಡಬ್ಬಿ ನನ್ನ ಮಂಚದ ಹತ್ತಿರವೇ ಇಡುತ್ತೀಯಾ?"